ನಾಲ್ಕನೆಯ ಗೂಟ

ನಾಲೆ ಕ್ಯಾಂಪು
ಜನವರಿ 9

ಮಾನ್ಯರೇ,

ನೀರಾವರಿ ನಾಲೆಯ ಎಂಟನೇ ಕಿಲೋಮೀಟರಿನಿಂದ ಹನ್ನೊಂದನೇ ಕಿಲೋಮೀಟರಿನವರೆಗೆ ಏರಿ ಹಾಕುವ ಕೆಲಸ ನಮ್ಮ ವಿಭಾಗಕ್ಕೆ ಬಂದಿದೆ. ಏರಿಗೆ ಬೇಕಾದ ಮಣ್ಣು ಹುಡುಕುವ ಜವಾಬ್ದಾರಿ ನನ್ನದು. ಸರ್ವೆ ನಂಬರು ನಲವತ್ತೇಳರಲ್ಲಿರುವ ದಿಬ್ಬ ತಮ್ಮ ಹೆಸರಿನಲ್ಲಿದೆಯೆಂದು ದಾಖಲೆಗಳಿಂದ ತಿಳಿದು ಈ ಕಾಗದ ಬರೆಯುತ್ತಿದ್ದೇನೆ.

ಪರೀಕ್ಷೆಗೆಂದು ಅಲ್ಲಿಂದ ಸ್ವಲ್ಪ ಮಣ್ಣು ತೆಗೆದಿದ್ದೇವೆ. ಏರಿಗೆ ಅದು ಬಹಳ ಯೋಗ್ಯವಾದ ಮಣ್ಣು. ತಾವು ಒಪ್ಪಿದರೆ ಮೇಲಿನ ಒಂದಡಿ ಫಲವತ್ತಾದ ಪದರವನ್ನು ಬೇರೆ ತೆಗೆದಿಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಹರಡಿಕೊಡುತ್ತೇವೆ. ನಿಯಮದ ಪ್ರಕಾರ ಸಲ್ಲಬೇಕಾದದ್ದೆಲ್ಲ ತಮಗೆ ಸಲ್ಲುತ್ತದೆ. ಜೂನ್ ಒಂದನೇ ತಾರೀಕು ನಾಲೆಗೆ ನೀರು ಬಿಡಬೇಕಾಗಿರುವುದರಿಂದ ತಮ್ಮ ಒಪ್ಪಿಗೆಯನ್ನು ಆದಷ್ಟು ಬೇಗ ಕಳಿಸಿಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಮಣ್ಣು ವಿಭಾಗದ ಎಂಜಿನಿಯರ್


ದರ್ಜಿ ಅಂಗಡಿ, ಬಂದರು ರಸ್ತೆ
ಜನವರಿ 20

ಎಂಜಿನಿಯರ್ ಸಾಹೇಬರಿಗೆ ನಮಸ್ಕಾರ.

ಕಾಗದ ತಲುಪಿತು. ಅದಕ್ಕೂ ಮೊದಲು ನಿಮ್ಮ ಆಫೀಸಿನವರು ಅಂಗಡಿಗೆ ಎರಡು ಸಲ ಫೋನ್ ಮಾಡಿದ್ದರು. ನಾನು ಎತ್ತಿ, ಹಾಗೇ ಇಟ್ಟುಬಿಟ್ಟೆ. ಫೋನಿನಲ್ಲಿ ಯಾರಾದರೂ ನಯವಾಗಿ ಕೇಳಿದರೆ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕಾಗದದಲ್ಲಿ ಚೆನ್ನಾಗಿ ಬರುತ್ತದೆ. ಇಲ್ಲ.

ಕಾರಣ ಹೇಳುತ್ತೇನೆ, ಸುಮ್ಮನೆ ಹಟ ಎಂದುಕೊಳ್ಳಬೇಡಿ. ಸೈಕಲ್ ಅಂಗಡಿಯ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಮೂವತ್ತಾರು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಹೊಲಿಗೆ ಮಷಿನಿನ ಎದುರಿಗೆ ಒಂದು ಕಿಟಕಿ ಇದೆ, ಕಿಟಕಿಯ ಎದುರಿಗೆ ಪಕ್ಕದ ಕಟ್ಟಡದ ಗೋಡೆ ಇದೆ. ಆ ಗೋಡೆಯನ್ನು ಎಷ್ಟು ನೋಡಿದ್ದೇನೆಂದರೆ, ಅದರಲ್ಲಿ ಯಾವ ಇಟ್ಟಿಗೆ ಸೊಟ್ಟ ಕೂತಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಲಾರಿ ಓಡಿಸುತ್ತಿದ್ದ ನನ್ನಣ್ಣ ನನಗೆಂದೇ ಆ ದಿಬ್ಬವನ್ನು ಕೊಂಡಿದ್ದ. ಅವನು ಹೋಗಿ ಒಂಬತ್ತು ವರ್ಷವಾಯಿತು. ಇನ್ನೆರಡು ವರ್ಷದಲ್ಲಿ ಅಂಗಡಿ ಮುಚ್ಚಿ, ದಿಬ್ಬದ ನೆತ್ತಿಯ ಮೇಲೆ ಮನೆ ಕಟ್ಟಿಸಿಕೊಂಡು ಇರುವವಳು ನಾನು. ಐದು ಕೋಣೆ, ಸುತ್ತ ಜಗಲಿ. ಮೂಡುಗಡೆಗೆ ಅಡಿಗೆಮನೆ, ಬೆಳಗಿನ ಬಿಸಿಲು ಒಲೆಯ ಮೇಲೆ ಬೀಳಬೇಕು. ಇಷ್ಟು ಇಟ್ಟುಕೊಂಡು ನಾನು ನಿಮಗೆ ಮಣ್ಣು ಕೊಡಲೇ? ಬೇಕಿದ್ದರೆ ನಿಮ್ಮ ಹೆಂಡತಿಯನ್ನೇ ಕೇಳಿ ನೋಡಿ, ತನ್ನ ಅಡಿಗೆಮನೆಯ ಕೆಳಗಿನ ಮಣ್ಣನ್ನು ಆಕೆ ಯಾರಿಗಾದರೂ ಕೊಡುತ್ತಾಳೆಯೇ ಎಂದು.

ಆ ದಿಬ್ಬದ ಒಂದೊಂದು ಕಲ್ಲೂ ನನಗೆ ಗೊತ್ತು. ಮೂಲೆಯಲ್ಲಿರುವ ದೊಡ್ಡ ನೆರಳಿನ ಮರ ಈಗ ಹೇಗಿದೆ, ಬರೆಯಿರಿ.

ಇಂತಿ,
ದರ್ಜಿ


ನಾಲೆ ಕ್ಯಾಂಪು
ಜನವರಿ 29

ದರ್ಜಿಯವರಿಗೆ ನಮಸ್ಕಾರಗಳು.

ನನಗೆ ಹೆಂಡತಿಯಿಲ್ಲ. ನಾನೇ ಹೆಂಗಸು. ಗಂಡ ಒಬ್ಬನಿದ್ದಾನೆ, ರಜೆಗೆ ಕ್ಯಾಂಪಿಗೆ ಬಂದಿದ್ದ. ನಿಮ್ಮ ಕಾಗದ ಓದಿಸಿ ಕೇಳಿದೆ. "ಅವ್ರು ಹೇಳ್ತಿರೋದು ಸರಿಯಾಗೇ ಇದೆಯಲ್ಲ, ಯಾಕೆ ಕೊಡ್ಬೇಕು?" ಅಂದ. ನನ್ನ ಮನೆಯಲ್ಲೇ ನನ್ನ ಪಕ್ಷದಲ್ಲಿ ಯಾರೂ ಇಲ್ಲ.

ಆದರೂ ನನ್ನ ಕಷ್ಟ ಸ್ವಲ್ಪ ಕೇಳಿ. ಮಣ್ಣೆಲ್ಲ ಒಂದೇ ಎಂದು ಜನ ತಿಳಿದುಕೊಂಡಿದ್ದಾರೆ. ನಾಲೆಯ ಏರಿಗೆ ಹೊರಮೈಗೆ ಒಂದು ಮಣ್ಣು, ಒಡಲಿಗೆ ಇನ್ನೊಂದು. ಹೊರಗಿನದು ಏನಾದರೂ ನಡೆಯುತ್ತದೆ. ಒಡಲಿನದು ಮಾತ್ರ ನೀರು ಬಿಟ್ಟುಕೊಡಬಾರದು. ಅದಕ್ಕಾಗಿ ಹದಿನಾಲ್ಕು ಕಡೆ ಗುಂಡಿ ತೋಡಿಸಿದ್ದೇನೆ. ಕಪ್ಪು ಮಣ್ಣು ಸಿಕ್ಕಿತು, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಳ್ಳದ ಪಕ್ಕದ್ದು ಮರಳು, ಈ ಕಡೆ ಸುರಿದ ನೀರು ಆ ಕಡೆ ನಗುತ್ತಾ ಹೊರಬರುತ್ತದೆ. ನಿಮ್ಮ ಪಕ್ಕದ ನಲವತ್ತಾರನೇ ನಂಬರಿನವರು ಒಪ್ಪಿಗೆ ಕೊಟ್ಟರು, ಆದರೆ ಅಲ್ಲಿ ಮೂರಡಿಗೇ ಬಂಡೆ. ನಿಮ್ಮ ದಿಬ್ಬದ ಮಣ್ಣನ್ನು ನೆನೆಸಿ ಅಂಗೈಯಲ್ಲಿ ಹೊಸೆದರೆ ಸೂಜಿಗೆ ಪೋಣಿಸುವ ದಾರ ಆಗುತ್ತದೋ ಎನ್ನುವಷ್ಟು ಸಣ್ಣ ಎಳೆ ಬರುತ್ತದೆ, ಒಡೆಯುವುದಿಲ್ಲ. ನನ್ನ ಹದಿಮೂರು ವರ್ಷದ ಕೆಲಸದಲ್ಲಿ ಇಂಥ ಮಣ್ಣನ್ನು ಎರಡನೆಯ ಸಲ ನೋಡುತ್ತಿದ್ದೇನೆ.

ಹನ್ನೊಂದನೇ ಕಿಲೋಮೀಟರಿನಾಚೆಯ ಹೊಲಗಳಿಗೆ ಈ ಸಲ ಮೊದಲ ಬಾರಿಗೆ ನಾಲೆಯ ನೀರು ಹೋಗಬೇಕು. ಅಲ್ಲಿಯ ಜನ ಸಂಜೆ ವಾಕಿಂಗಿಗೆ ಬಂದವರ ಹಾಗೆ ಏರಿಯ ಮೇಲೆ ಬಂದು ನಿಂತು, ಏನೂ ಮಾತಾಡದೆ ನನ್ನನ್ನೇ ನೋಡಿ ಹೋಗುತ್ತಾರೆ. ಬೈದರೆ ಎಷ್ಟೋ ವಾಸಿ.

ನಿಮ್ಮ ದಿಬ್ಬದ ಮೇಲೆ ನಿನ್ನೆ ಹತ್ತಿದ್ದೆ. ಗಾಳಿ ಚೆನ್ನಾಗಿದೆ. ನಾಲೆಯ ಉದ್ದಕ್ಕೂ ಕಣ್ಣು ಹರಿಯುತ್ತದೆ, ನಮ್ಮ ತಗಡಿನ ಶೆಡ್ಡುಗಳು ಕಾಣುತ್ತವೆ, ದೂರದಲ್ಲಿ ಬಸ್ಸಿನ ರಸ್ತೆ. ಎದುರಿಗೆ ಒಂದು ಗೋಡೆಯೂ ಇಲ್ಲ. ಮರದ ವಿಷಯ ವಿಚಾರಿಸಿ ಬರೆಯುತ್ತೇನೆ. ಮೂಡುಗಡೆಯ ಅಂಚಿನಲ್ಲಿ ಸ್ವಲ್ಪವಾದರೂ ಬಿಟ್ಟುಕೊಡಲು ಸಾಧ್ಯವೇ, ಯೋಚಿಸಿ.

ನಿಮ್ಮ,
ಮಣ್ಣಿನ ಎಂಜಿನಿಯರ್


ದರ್ಜಿ ಅಂಗಡಿ
ಫೆಬ್ರವರಿ 10

ಎಂಜಿನಿಯರಮ್ಮನಿಗೆ,

ನಿಮ್ಮ ಕಾಗದವನ್ನು ಕೆಳಗಿನ ಸೈಕಲ್ ಅಂಗಡಿಯವನಿಗೂ ಓದಿ ಹೇಳಿದೆ. "ಹೆಂಡ್ತಿನ ಕೇಳಿ ಅಂತ ಬರೆದ್ರಾ ನೀವು?" ಎಂದು ಅವನು ಪಂಕ್ಚರ್ ಹಾಕುವುದು ಬಿಟ್ಟು ನಕ್ಕ. ಎರಡು ದಿನದಿಂದ ಮೆಟ್ಟಿಲು ಹತ್ತುವ ಇಳಿಯುವ ಗಿರಾಕಿಗಳಿಗೆಲ್ಲ ಅದನ್ನೇ ಹೇಳುತ್ತಿದ್ದಾನೆ. ನನ್ನ ಮರ್ಯಾದೆ ಹೋಯಿತು, ಹೋಗಲಿ.

ಏರಿಯ ವಿಷಯ ನನಗೆ ಅರ್ಥವಾಯಿತು. ಹೊರಗಿನ ಬಟ್ಟೆ ಎಂಥದಾದರೂ ಆಗಲಿ, ಒಳಗಿನ ಅಸ್ತರು ಗಟ್ಟಿಯಿಲ್ಲದಿದ್ದರೆ ಕೋಟು ಒಂದು ವರ್ಷ ಬಾಳುವುದಿಲ್ಲ. ಇದನ್ನು ಮೊದಲನೇ ಕಾಗದದಲ್ಲೇ ಹೀಗೆ ಬಿಡಿಸಿ ಬರೆದಿದ್ದರೆ ನಾನು ಅಷ್ಟು ಒರಟಾಗಿ ಉತ್ತರ ಕೊಡುತ್ತಿರಲಿಲ್ಲ.

ಯೋಚನೆ ಮಾಡಿದೆ. ಪಡುಗಡೆಯ ಇಳಿಜಾರು ಮನೆಯಿಂದ ದೂರ, ಅದು ನನ್ನ ನಕ್ಷೆಯಲ್ಲೇ ಬರುವುದಿಲ್ಲ. ಅಲ್ಲಿಂದ ನಿಮಗೆ ಬೇಕಾದಷ್ಟು ತೆಗೆದುಕೊಳ್ಳಿ. ಮೂಡುಗಡೆಗೆ ಮಾತ್ರ ಕೈ ಹಚ್ಚಬೇಡಿ. ಅದು ನನ್ನ ಅಡಿಗೆಮನೆ.

ಒಂದು ಕೆಲಸ ಮಾಡಿಕೊಡಬೇಕು. ಇದರ ಜೊತೆ ಮನೆಯ ನಕ್ಷೆ ಇಟ್ಟಿದ್ದೇನೆ. ಬಟ್ಟೆಯ ಅಳತೆ ತೆಗೆಯುವ ಕಂದು ಕಾಗದದ ಮೇಲೆ ಬರೆದದ್ದು, ಮಡಿಕೆಯಲ್ಲಿ ಹರಿಯದಂತೆ ಬಿಡಿಸಿ. ಅಡಿಗಳ ಲೆಕ್ಕ ಬದಿಯಲ್ಲಿದೆ. ಮನೆಯ ನಾಲ್ಕು ಮೂಲೆ ಬರುವ ಕಡೆ ನಾಲ್ಕು ಗೂಟ ಹೊಡೆದು, ದಾರ ಕಟ್ಟಿ, ನೋಡಲು ಹೇಗಿದೆ ಅಂತ ನನಗೆ ಬರೆಯಿರಿ. ಇಷ್ಟು ವರ್ಷ ಕಾಗದದ ಮೇಲೆ ನೋಡಿ ಸಾಕಾಗಿದೆ. ನಿಮ್ಮ ಉತ್ತರ ಬಂದ ದಿನವೇ ಪಡುಗಡೆಯ ಒಪ್ಪಿಗೆಗೆ ಸಹಿ ಹಾಕಿ ಕಳಿಸುತ್ತೇನೆ.

ನಿಮಗೆ ಒಳ್ಳೆಯದಾಗಲಿ.
ದರ್ಜಿ ಅಕ್ಕ


ನಾಲೆ ಕ್ಯಾಂಪು
ಫೆಬ್ರವರಿ 19

ಅಕ್ಕನವರಿಗೆ ವಂದನೆಗಳು.

ನಕ್ಷೆ ಬಂತು, ಒಂದು ಚೂರೂ ಹರಿದಿಲ್ಲ. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀರಿ. ನಮ್ಮ ಆಫೀಸಿನ ನಕ್ಷೆಗಾರರಿಗೆ ತೋರಿಸಿದೆ, ಕಿಟಕಿಗಳಿಗೆ ಹಾಕಿದ ಚುಕ್ಕಿ ಹೊಲಿಗೆಯ ಗುರುತನ್ನು ಅವರು ಬಹಳ ಮೆಚ್ಚಿಕೊಂಡರು.

ಇಲ್ಲಿ ಬಿಸಿಲು ಶುರುವಾಗಿದೆ. ನಮ್ಮ ಅಗೆಯುವ ಯಂತ್ರದ ಡ್ರೈವರ್ ಒಬ್ಬ ಇದ್ದಾನೆ. ಏನು ಹೇಳಿದರೂ "ಸಾವಕಾಶ ಮೇಡಂ" ಅನ್ನುವುದರಿಂದ ಕ್ಯಾಂಪಿನಲ್ಲಿ ಅವನಿಗೆ ಸಾವಕಾಶ ಎಂದೇ ಹೆಸರು. ಗೂಟ ಹೊಡೆಯಲು ಅವನೇ ಬಂದಿದ್ದ. ಒಳ್ಳೆಯ ಗಟ್ಟಿ ಮರದ ಗೂಟಗಳನ್ನೇ ಆರಿಸಿ ತಂದೆವು. ಮೂರು ಗೂಟ ಬಹಳ ಚೆನ್ನಾಗಿ ಕೂತಿವೆ. ಜಗಲಿಯ ಕಡೆಯ ಗಾಳಿಯಂತೂ ಹೇಳತೀರದು. ನೀವು ಆರಿಸಿದ ಜಾಗ ನಿಜವಾಗಿ ಒಳ್ಳೆಯದು.

ಕೆಲಸದ ಗಡಿಬಿಡಿ, ಇಷ್ಟಕ್ಕೆ ಮುಗಿಸುತ್ತೇನೆ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ,
ಮಣ್ಣಿನ ಎಂಜಿನಿಯರ್


ದರ್ಜಿ ಅಂಗಡಿ
ಫೆಬ್ರವರಿ 27

ಎಂಜಿನಿಯರಮ್ಮ,

ನಾಲ್ಕನೆಯದು ಎಲ್ಲಿ?

ದರ್ಜಿ


ನಾಲೆ ಕ್ಯಾಂಪು
ಮಾರ್ಚ್ 6

ಅಕ್ಕ,

ನಾಲ್ಕನೆಯ ಗೂಟ ಹೊಡೆಯಲು ನೆಲ ಇಲ್ಲ. ಆ ಮೂಲೆ ಬರುವುದು ಗಾಳಿಯಲ್ಲಿ. ಅದರ ಕೆಳಗೆ ಹನ್ನೊಂದು ಅಡಿ ಆಳದಲ್ಲಿ ನೆಲ ಇದೆ. ನಿಮ್ಮ ಅಡಿಗೆಮನೆಯನ್ನು ನಾನು ಆಗಲೇ ತೆಗೆದುಬಿಟ್ಟಿದ್ದೇನೆ. ಮೊದಲ ಕಾಗದದಲ್ಲಿ ಬರೆದ "ಸ್ವಲ್ಪ ಮಣ್ಣು" ಅಂದರೆ ಇನ್ನೂರ ಹನ್ನೆರಡು ಲಾರಿ ಮಣ್ಣು. ಅಷ್ಟೂ ಏರಿಯ ಒಡಲು ಸೇರಿ, ರೋಲರ್ ಹಾಯಿಸಿ ಆಗಿದೆ. ನಿಮಗೆ ಕಾಗದ ಬರೆಯುವುದಕ್ಕೆ ಎರಡು ದಿನ ಮೊದಲೇ ಆಗಿತ್ತು.

ಹೇಗಾಯಿತು ಎಂದು ಕೇಳುವ ಹಕ್ಕು ನಿಮಗಿದೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ನೋಡಲು ನೀಟಾಗಿರಲಿ ಎಂದು ಅಲ್ಲಿದ್ದ ಕಲ್ಲುಗಳಿಗೆಲ್ಲ ಸುಣ್ಣ ಬಳಿಸಿದೆ. ಜಮೀನಿನ ಗಡಿಕಲ್ಲು, ನಾಲೆಯ ಮಟ್ಟ ನೋಡಲು ನಾವು ನೆಡುವ ಕಲ್ಲು, ಎರಡೂ ಒಂದೇ ಗಾತ್ರ. ಮಟ್ಟದ ಕಲ್ಲಿನ ನೆತ್ತಿಗೆ ಕೆಂಪು ಬಳಿದಿರುತ್ತೇವೆ, ಗುರುತು ಅದೊಂದೇ. ಆ ಕೆಂಪಿನ ಮೇಲೂ ನಾನು ಬಿಳಿ ಹೊಡೆಸಿದೆ. ಆಮೇಲೆ ಸಾವಕಾಶನಿಗೆ, "ಆ ಬಿಳಿ ಕಲ್ಲಿನ ತನಕ ನಲವತ್ತಾರನೇ ನಂಬರು, ಅಲ್ಲೀ ತನಕ ಅಗಿ" ಎಂದು ಕೈ ತೋರಿಸಿದೆ. ನಾನು ತೋರಿಸಿದ್ದು ನಿಮ್ಮ ದಿಬ್ಬದ ಮೇಲೆ ನೆಟ್ಟಿದ್ದ ನಮ್ಮ ಮಟ್ಟದ ಕಲ್ಲನ್ನು. ಜೀವನದಲ್ಲಿ ಮೊದಲ ಸಲ ಆತ ಸಾವಕಾಶ ಅನ್ನಲಿಲ್ಲ, ಮೂರೇ ದಿನದಲ್ಲಿ ಮುಗಿಸಿದ. ಮೂರಡಿಗೆ ಬಂಡೆ ಸಿಗಬೇಕಾದ ಕಡೆ ಹನ್ನೊಂದು ಅಡಿ ಮಣ್ಣು ಬರುತ್ತಿತ್ತು. ಒಳ್ಳೆಯ ಮಣ್ಣು ಸಿಕ್ಕಿದ ಖುಷಿಯಲ್ಲಿ, ಯಾಕೆ ಬರುತ್ತಿದೆ ಎಂದು ನಾನು ಕೇಳಿಕೊಳ್ಳಲೇ ಇಲ್ಲ. ನಾಲ್ಕನೇ ದಿನ ಸರ್ವೆ ನಕ್ಷೆ ಬಿಡಿಸಿದಾಗಲೇ ಅಗೆದದ್ದು ನಲವತ್ತೇಳರಲ್ಲಿ ಎಂದು ಕಂಡಿತು.

ಒಪ್ಪಿಗೆ ಬಂದುಬಿಟ್ಟರೆ ಎಲ್ಲ ಮುಚ್ಚಿಹೋಗುತ್ತದೆ ಎಂದುಕೊಂಡು ನಿಮಗೆ ಬರೆದೆ. ನೀವು ಮನೆಯ ವಿಷಯ ಬರೆಯುತ್ತೀರಿ ಎಂದು ನನಗೇನು ಗೊತ್ತು? ನೀವು ಅಡಿಗೆಮನೆ ಎಂದಾಗಲೆಲ್ಲ ನನಗೆ ಅನ್ನ ಇಳಿಯುತ್ತಿರಲಿಲ್ಲ. ಮರದ ವಿಷಯವೂ ಹೇಳಿಬಿಡುತ್ತೇನೆ. ಅಲ್ಲಿ ನನಗೆ ಮರ ಕಂಡಿಲ್ಲ. ಸಾವಕಾಶನನ್ನು ಮೂರು ಸಲ ಕೇಳಿದೆ, "ಮರ ಕಿತ್ತಿದ್ರೆ ನಂಗೆ ಗೊತ್ತಾಗಲ್ವಾ ಮೇಡಂ?" ಎಂದು ಅವನೇ ಅಳುವ ಹಾಗಾದ. ಬೇರು ಸಹ ಸಿಗಲಿಲ್ಲ.

ಇದನ್ನು ಅಂಚೆಗೆ ಹಾಕಿ ನೇರ ದೊಡ್ಡ ಸಾಹೇಬರ ಹತ್ತಿರ ಹೋಗುತ್ತಿದ್ದೇನೆ, ಅವರಿಗೂ ಇನ್ನೂ ಹೇಳಿಲ್ಲ. ನನ್ನ ಮೇಲಿನ ಕನಿಕರಕ್ಕೆ ಯಾವುದಕ್ಕೂ ಸಹಿ ಹಾಕಬೇಡಿ. ನನಗೆ ನಾಚಿಕೆಯಾಗಿದೆ.

ಎಂಜಿನಿಯರ್


ಕೇಂದ್ರ ಸ್ಟೋರು
ಏಪ್ರಿಲ್ 2

ಅಕ್ಕ,

ನಿಮ್ಮಿಂದ ಉತ್ತರ ಬಂದಿಲ್ಲ, ಬರಬೇಕೆಂದೂ ಇಲ್ಲ. ವಿಷಯ ತಿಳಿಸುವುದು ನನ್ನ ಧರ್ಮ, ಅದಕ್ಕೆ ಬರೆಯುತ್ತಿದ್ದೇನೆ. ದೊಡ್ಡ ಸಾಹೇಬರು ಪೂರ್ತಿ ಕೇಳಿದರು. ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಅದು ಬೈಗುಳಕ್ಕಿಂತ ಜಾಸ್ತಿ. ನಿಮ್ಮ ಜಮೀನಿನ ವಿಷಯ ಇತ್ಯರ್ಥವಾಗುವ ತನಕ ಒಡಲಿನ ಮಣ್ಣು ಹಾಕುವ ಕೆಲಸ ನಿಂತಿದೆ. ಈ ತಿಂಗಳು ಶುರುವಾಗದಿದ್ದರೆ ಹನ್ನೊಂದರಾಚೆಗೆ ಈ ವರ್ಷ ನೀರಿಲ್ಲ. ನನ್ನನ್ನು ಇಲ್ಲಿಯ ಸ್ಟೋರಿಗೆ ಕಳಿಸಿದ್ದಾರೆ. ಇಲ್ಲಿ ಕಬ್ಬಿಣ, ಸಿಮೆಂಟು, ಹಗ್ಗ ಎಲ್ಲ ಇದೆ, ಒಂದು ಹಿಡಿ ಮಣ್ಣಿಲ್ಲ. ಅಭ್ಯಾಸಬಲ, ಮಧ್ಯಾಹ್ನ ಊಟದ ಡಬ್ಬಿಯ ಚಪಾತಿಯನ್ನೇ ಅಂಗೈಯಲ್ಲಿ ಹೊಸೆಯುತ್ತಾ ಕೂತಿದ್ದೆ. ಸ್ಟೋರ್ ಕೀಪರ್ ವಿಚಿತ್ರವಾಗಿ ನೋಡಿದರು.

ನಿಮ್ಮ ನಕ್ಷೆ ನನ್ನ ಹತ್ತಿರವೇ ಇದೆ. ಜೋಪಾನವಾಗಿ ಸುತ್ತಿ ಈ ಕಾಗದದ ಜೊತೆ ವಾಪಸು ಕಳಿಸುತ್ತಿದ್ದೇನೆ.

ಎಂಜಿನಿಯರ್


ದಿಬ್ಬದ ಮೇಲಿನಿಂದ
ಏಪ್ರಿಲ್ 21

ನನ್ನ ಪ್ರೀತಿಯ ಎಂಜಿನಿಯರಮ್ಮ,

ಮೇಲೆ ಬರೆದ ವಿಳಾಸ ಸರಿಯಾಗಿಯೇ ಇದೆ, ಇನ್ನೊಂದು ಸಲ ಓದಿಕೊಳ್ಳಿ.

ನಿಮ್ಮ ಮಾರ್ಚ್ ತಿಂಗಳ ಕಾಗದ ಓದಿದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಟ್ಟೆ ಕತ್ತರಿಸಿ ಮುಗಿಸಿ, ಆಮೇಲೆ ಅಳತೆ ಕೇಳಲು ಬಂದಿದ್ದೀರಲ್ಲ ಎಂದು ಎರಡು ಪುಟ ಬರೆದೆ. ಬರೆಯುತ್ತಾ ಬರೆಯುತ್ತಾ ಒಬ್ಬ ಹೆಡ್‌ಮಾಸ್ಟರರು ನೆನಪಾಗಿಬಿಟ್ಟರು. ಅವರು ಕೋಟಿಗೆಂದು ಕೊಟ್ಟ ಬಟ್ಟೆಯನ್ನು ನಾನು ಇನ್ನೊಬ್ಬ ಗಿರಾಕಿಯ ಅಳತೆಗೆ ಕತ್ತರಿಸಿದ್ದೆ. ಅವರು ಬಂದಾಗ ಟೇಪು ಹಿಡಿದುಕೊಂಡು, "ಇನ್ನೊಂದ್ಸಲ ಅಳೆಯೋಣ ಸಾರ್, ನೀವು ತುಂಬಾ ಇಳಿದು ಹೋಗಿದ್ದೀರಿ" ಎಂದೆ. ಪಾಪ, ಖುಷಿಯಿಂದ ಹೊಟ್ಟೆ ಸವರಿಕೊಂಡು ಹೋದರು. ಆ ಬಿಗಿ ಕೋಟನ್ನು ನಿವೃತ್ತರಾಗುವ ತನಕ ಹಾಕಿಕೊಂಡರು. ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನೀವು ಮೂರು ಕಾಗದ ತಡ ಮಾಡಿದರೂ ಕಡೆಗೆ ಹೇಳಿದಿರಿ. ಬರೆದ ಎರಡು ಪುಟ ಹರಿದು ಹಾಕಿದೆ.

ಆದರೂ ಸಿಟ್ಟು ಹೋಗಲಿಲ್ಲ. ಸ್ಟೋರಿನಿಂದ ನೀವು ಬರೆದ ಕಾಗದದ ಜೊತೆ ನಕ್ಷೆ ವಾಪಸು ಬಂತಲ್ಲ, ಅದನ್ನು ಮೇಜಿನ ಮೇಲೆ ಬಿಡಿಸಿ ಕೂತಾಗ ಆ ಸಿಟ್ಟು ಯಾರ ಮೇಲಿನದು ಎಂದು ತಿಳಿಯಿತು. ಈಗ ನಾನು ಹೇಳುವುದನ್ನು ಕೇಳಿ. ಈ ದಿಬ್ಬವನ್ನು ನಾನು ಯಾವತ್ತೂ ನೋಡಿರಲಿಲ್ಲ. ಒಂದೊಂದು ಕಲ್ಲು ಗೊತ್ತು ಎಂದದ್ದು ಶುದ್ಧ ಸುಳ್ಳು. ಅಣ್ಣ ಲಾರಿ ನಿಲ್ಲಿಸಿದ ಕಡೆಯಿಂದೆಲ್ಲ ಬರೆಯುತ್ತಿದ್ದ ಕಾಗದಗಳಲ್ಲಿ ಓದಿದ್ದು ಅಷ್ಟೇ. ಎರಡು ವರ್ಷದಲ್ಲಿ ಅಂಗಡಿ ಮುಚ್ಚುತ್ತೇನೆ ಎಂದು ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ. ಮೊದಲ ನಕ್ಷೆಯಲ್ಲಿ ಒಂದೂವರೆ ಕೋಣೆ ಇತ್ತು. ಹೊರಡಲು ಭಯವಾದಾಗಲೆಲ್ಲ ಒಂದು ಕೋಣೆ ಸೇರಿಸುತ್ತಿದ್ದೆ. ಇಷ್ಟು ದೊಡ್ಡ ಮನೆ ಕಟ್ಟಲು ಇನ್ನೂ ಸ್ವಲ್ಪ ದಿನ ಬೇಕಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಐದು ಕೋಣೆ ಯಾರಿಗೆ? ನಾನು ಒಬ್ಬಳು, ಮಷಿನು ಒಂದು.

ಮಾರನೆಯ ದಿನ ಬೀಗ ಹಾಕಿ ಬೀಗದಕೈಯನ್ನು ಸೈಕಲ್ ಅಂಗಡಿಯವನಿಗೆ ಕೊಟ್ಟೆ. ಎರಡು ದಿನ ಬಸ್ಸು. ಸೊಂಟ ಬಿದ್ದುಹೋಯಿತು. ಬಸ್ಸಿಳಿದರೆ ಎದುರಿಗೆ ಸಾವಕಾಶ. ಯಾರು ಹೇಳಿದರೋ ಏನೋ, ಟೋಪಿ ತೆಗೆದು ಎದೆಗೆ ಒತ್ತಿಕೊಂಡು ನಿಂತಿದ್ದ. "ಅಮ್ಮ, ನಾನು ಮರ ಕಿತ್ತಿಲ್ಲ" ಎನ್ನುವುದೇ ಅವನ ಮೊದಲ ಮಾತು. ಮೇಲೆ ಹತ್ತಿ ನೋಡಿದೆ. ಅವನು ಹೇಳಿದ್ದು ನಿಜ, ಇಲ್ಲಿ ಮರ ಇದ್ದಿರಲೇ ಇಲ್ಲ. ನನ್ನಣ್ಣ ನನ್ನನ್ನು ಇಲ್ಲಿಗೆ ಬರಿಸಲು ತನ್ನ ಕಾಗದಗಳಲ್ಲೇ ಒಂದು ಮರ ಬೆಳೆಸಿಬಿಟ್ಟಿದ್ದ. ಆ ಕತ್ತರಿಸಿದ ಅಂಚಿನಲ್ಲಿ ನಿಂತು ಚೆನ್ನಾಗಿ ಅತ್ತೆ, ಆಮೇಲೆ ಚೆನ್ನಾಗಿ ನಕ್ಕೆ. ಸಾವಕಾಶ ಯಾವಾಗ ಟೋಪಿ ಹಾಕಿಕೊಳ್ಳಬೇಕೋ ತಿಳಿಯದೆ ಒದ್ದಾಡಿದ. ಗಾಳಿ ನೀವು ಬರೆದ ಹಾಗೇ ಇದೆ. ಗೋಡೆ ಇಲ್ಲ.

ನಿಮ್ಮ ದೊಡ್ಡ ಸಾಹೇಬರು ಕುರ್ಚಿ ತರಿಸಿ ಕೂರಿಸಿದರು. ಒಪ್ಪಿಗೆಪತ್ರ ಟೈಪ್ ಮಾಡಿಸಿಯೇ ಇಟ್ಟಿದ್ದರು. ತಾರೀಕಿನ ಜಾಗ ಖಾಲಿ ಬಿಟ್ಟು, "ಜನವರಿ ಒಂದು ಅಂತ ಹಾಕಿಬಿಟ್ರೆ ಯಾರಿಗೂ ತೊಂದರೆ ಇರಲ್ಲ ನೋಡಿ" ಎಂದು ನಯವಾಗಿ ಕೇಳಿದರು. ನಯವಾಗಿ ಕೇಳಿದರೆ ನನಗೆ ಬಾಯಿ ಬರುವುದಿಲ್ಲ ಎಂದು ನಿಮಗೆ ಗೊತ್ತಲ್ಲ. ಆ ದಿನ ಮಾತ್ರ ಬಾಯಿ ಬಂತು. "ಕತ್ತರಿಸಿದ್ದು ಯಾವತ್ತೋ ಅವತ್ತೇ, ನಾನು ಒಪ್ಪಿದ್ದು ಇವತ್ತು" ಎಂದು ಏಪ್ರಿಲ್ ಹದಿನೇಳು ಎಂದೇ ಬರೆದೆ. ತೆಗೆದ ಮಣ್ಣು ಏರಿಯಲ್ಲೇ ಇರಲಿ, ಪಡುಗಡೆಯ ಇಳಿಜಾರು ನಿಮ್ಮದು. ಒಂದು ಷರತ್ತು ಮಾತ್ರ ಕೈಯಿಂದ ಸೇರಿಸಿದೆ. ಮಣ್ಣು ತೆಗೆಯುವಾಗ ಮಣ್ಣಿನ ಎಂಜಿನಿಯರಮ್ಮನೇ ನಿಂತಿರಬೇಕು, ಬೇರೆ ಯಾರು ನಿಂತರೂ ನಾನು ಯಂತ್ರದ ಮುಂದೆ ಚಾಪೆ ಹಾಕಿ ಕೂರುತ್ತೇನೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಇಲ್ಲಿ ಎಳೆ ಹೊಸೆದು ನೋಡುವುದು ಬೇರೆ ಯಾರಿಗೂ ಸರಿಯಾಗಿ ಬರುವುದಿಲ್ಲವಂತೆ, ಅದನ್ನು ಅವರೇ ಗೊಣಗಿದರು. ಈ ಕಾಗದಕ್ಕಿಂತ ಮೊದಲೇ ಕ್ಯಾಂಪಿಗೆ ಮರಳುವ ಆದೇಶ ನಿಮಗೆ ತಲುಪಿರಬಹುದು.

ನಾನು ಹೊಸ ನಕ್ಷೆ ಬರೆದಿದ್ದೇನೆ. ಅಂಚಿನಿಂದ ಸಾಕಷ್ಟು ದೂರ ಸರಿದು ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಮಷಿನು ಮತ್ತು ಒಲೆ. ಬಿಸಿಲು ಎರಡಕ್ಕೂ ಬೀಳುತ್ತದೆ. ಐದು ಕೋಣೆಯನ್ನು ನನ್ನಿಂದ ಈ ಜನ್ಮದಲ್ಲಿ ಕಟ್ಟಲು ಆಗುತ್ತಿರಲಿಲ್ಲ, ಎರಡನ್ನು ಕಟ್ಟಬಹುದು. ಏರಿ ಕೆಲಸದ ಮೇಸ್ತ್ರಿಯೇ ಒಪ್ಪಿಕೊಂಡಿದ್ದಾನೆ, ಭಾನುವಾರಗಳಲ್ಲಿ ಮಾಡಿಕೊಡುತ್ತಾನಂತೆ. ಅಂಗಡಿಯ ಕೋಣೆ ಬಿಡುತ್ತೇನೆ ಎಂದು ಮಾಲೀಕರಿಗೆ ಇವತ್ತೇ ಬರೆದೆ.

ಬರುವ ಭಾನುವಾರ ಅಡಿಪಾಯ ತೋಡುತ್ತಾರೆ. ಮೇಸ್ತ್ರಿ ಲೆಕ್ಕ ಹಾಕಿ ಹೇಳಿದ, ನಾಲ್ಕೈದು ಲಾರಿ ಮಣ್ಣು ಮಿಗುತ್ತದಂತೆ. ಒಳ್ಳೆಯ ಮಣ್ಣು, ನಾನೇ ಹೊಸೆದು ನೋಡಿದೆ. ಲಾರಿ ಕಳಿಸಿ ತೆಗೆಸಿಕೊಂಡು ಹೋಗಿ. ಈ ಸಲ ಕೇಳುವುದೇನೂ ಬೇಡ.

ನಿಮ್ಮ,
ಅಕ್ಕ